ಮೊದಲ ಹಳೆಯ ಸೇನಾ ಪಿಸ್ತೂಲು: ಒಂದು ಪಿ38 ಖರೀದಿಯ ಪ್ರಕರಣ ಅಧ್ಯಯನ

ಕೊಳ್ಳಲು ಹೊರಟವರು ಶೂಟಿಂಗ್ ಕ್ಲಬ್ಬಿನ ಸದಸ್ಯರು, ಬಲಗೈಯವರು. ಪಾಯಿಂಟ್ 22 ಪಿಸ್ತೂಲಿನಲ್ಲಿ 25 ಮೀಟರ್ ಅಭ್ಯಾಸ ಚೆನ್ನಾಗಿಯೇ ಇತ್ತು. ದೊಡ್ಡ ತೋಟಾದ ಪಿಸ್ತೂಲು ಹೊಸದು. ಎರಡನೇ ಮಹಾಯುದ್ಧದ ಕಾಲದ್ದೊಂದು ಬೇಕು, ಅದು ಕಪಾಟಿನಲ್ಲಿ ಕೂರಬಾರದು, ತಿಂಗಳಿಗೆ ಒಂದೆರಡು ಸಲವಾದರೂ ರೇಂಜಿನಲ್ಲಿ ಕಾಗದದ ಗುರಿಗೆ ಹೊಡೆಯಬೇಕು ಎಂಬುದು ಅವರ ಬೇಡಿಕೆ. ಪರವಾನಗಿ ಕೈಯಲ್ಲಿತ್ತು, ಅದರಲ್ಲಿ 9×19 ಮತ್ತು 7.62×25 ಎರಡೂ ಅಳತೆಯ ತೋಟಾಗಳಿಗೆ (ಗುಂಡಿನ ವ್ಯಾಸ × ತೋಟಾದ ಕೇಸಿನ ಉದ್ದ, ಮಿಲಿಮೀಟರಿನಲ್ಲಿ) ಅನುಮತಿ ಇತ್ತು. ಕೆಲವು ದೇಶಗಳಲ್ಲಿ ಸೇನೆ ಬಳಸುವ ತೋಟಾದ ಅಳತೆಯೇ ನಾಗರಿಕರಿಗೆ ನಿಷಿದ್ಧ. ಅಂಥಲ್ಲಿ ಪಿಸ್ತೂಲು ಹಳೆಯದು ಎಂಬ ಕಾರಣಕ್ಕೆ ವಿನಾಯಿತಿ ಸಿಕ್ಕೀತು ಎಂದು ನಂಬಿ ಮುಂಗಡ ಕೊಟ್ಟವರು ಹಣವನ್ನೂ ಕಳೆದುಕೊಳ್ಳುತ್ತಾರೆ, ತೊಂದರೆಗೂ ಸಿಲುಕುತ್ತಾರೆ.

ಮಾರಾಟಗಾರರ ಮೇಜಿನ ಮೇಲೆ ಮೂರು ಪಿಸ್ತೂಲುಗಳಿದ್ದವು. ಮೊದಲನೆಯದು ಸೋವಿಯತ್ ವಿನ್ಯಾಸದ ಟೋಕರೆವ್ ಟಿಟಿ-33. ಎರಡನೆಯದು ಜರ್ಮನ್ ಸೇನೆಯ ಪಿ38, ಮೌಸರ್ ಕಾರ್ಖಾನೆಯದು, ಸ್ಲೈಡಿನ (ಹಿಂದೆ ಮುಂದೆ ಜಾರುವ ಮೇಲ್ಭಾಗ) ಮೇಲೆ ಕಾರ್ಖಾನೆಯ ಸಂಕೇತವೂ ವರ್ಷವೂ ಸೇರಿದ ‘ಬಿವೈಎಫ್ 44’ ಗುರುತು, ಎಲ್ಲ ಭಾಗಗಳ ಸಂಖ್ಯೆಯೂ ಒಂದೇ, ಜೊತೆಗೆ ಚರ್ಮದ ಹೋಲ್‌ಸ್ಟರ್. ಮೂರನೆಯದೂ ಪಿ38; ಸ್ಪ್ರೀವೆರ್ಕ್ ಕಾರ್ಖಾನೆಯದು, ‘ಸಿವೈಕ್ಯೂ’ ಗುರುತಿನದು. ಯುದ್ಧದಲ್ಲಿ ಸೋವಿಯತ್ ಸೇನೆಯ ವಶವಾಗಿ, ಆಮೇಲೆ ಅವರ ಶಸ್ತ್ರಾಗಾರದಲ್ಲಿ ಬಿಚ್ಚಿ ಜೋಡಿಸಿ ಹೊಸದಾಗಿ ಕಪ್ಪು ಬಣ್ಣ ಕಟ್ಟಿಸಿಕೊಂಡದ್ದು. ಬೆಲೆಯಲ್ಲಿ ಎರಡನೆಯದು ಎಲ್ಲಕ್ಕಿಂತ ಮೇಲೆ, ಮೂರನೆಯದು ಅದರ ಅರ್ಧಕ್ಕಿಂತ ಕೆಳಗೆ.

ತೋಟಾದಿಂದ ಶುರುಮಾಡಿದ್ದು

ಹೆಚ್ಚಿನವರು ಪಿಸ್ತೂಲಿನ ರೂಪಕ್ಕೆ ಮನಸೋತು ಆಮೇಲೆ ತೋಟಾ ಹುಡುಕುತ್ತಾರೆ. ಇಲ್ಲಿ ಕ್ರಮ ತಿರುಗಿಸಲಾಯಿತು, ಗುರಿ ಅಭ್ಯಾಸಕ್ಕೆ ಕೊಳ್ಳುವ ಯಾರಿಗಾದರೂ ಇದೇ ಸರಿಯಾದ ಕ್ರಮ. ವರ್ಷಕ್ಕೆ ಸಾವಿರ ಗುಂಡು ಹೊಡೆಯುವವರಿಗೆ ಪಿಸ್ತೂಲಿನ ಬೆಲೆಗಿಂತ ತೋಟಾದ ಖರ್ಚೇ ಬೇಗ ದೊಡ್ಡದಾಗುತ್ತದೆ.

ಟಿಟಿ-33ರ 7.62×25 ತೋಟಾ ಒಳ್ಳೆಯ ತೋಟಾವೇ. ಸುಮಾರು 5.5 ಗ್ರಾಂ ಗುಂಡು, ಸೆಕೆಂಡಿಗೆ 400 ಮೀಟರಿಗೂ ಮೀರಿದ ವೇಗ, ಚಪ್ಪಟೆ ಹಾರಾಟ. ತೊಂದರೆ ಬೇರೆ ಕಡೆ ಇತ್ತು. ಆ ಮಾರಾಟಗಾರರಲ್ಲಿ ಅಗ್ಗಕ್ಕೆ ಸಿಗುತ್ತಿದ್ದುದು ಹಳೆಯ ಸೇನಾ ದಾಸ್ತಾನು ಮಾತ್ರ. ಅದರ ಪ್ರೈಮರಿನಲ್ಲಿ (ತಳದಲ್ಲಿದ್ದು ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಉರಿದ ಮೇಲೆ ಅದು ಪೊಟ್ಯಾಸಿಯಂ ಕ್ಲೋರೈಡ್ ಆಗಿ ನಳಿಕೆಯೊಳಗೆ ಕೂರುತ್ತದೆ. ಅದು ಉಪ್ಪು. ಗಾಳಿಯ ತೇವ ಹೀರಿ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಉಪ್ಪು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಹಾಗಾಗಿ ಹೊಡೆದ ದಿನವೇ ನಳಿಕೆ, ತೋಟಾ ಕೂರುವ ಚೇಂಬರ್, ಸ್ಲೈಡಿನ ಮುಖಕ್ಕೆ ಬಿಸಿನೀರು ಹಾಯಿಸಿ, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಲೇಬೇಕು. ಅದನ್ನಾದರೂ ಮಾಡಬಹುದು ಎನ್ನೋಣ. ಆದರೆ ಆ ಗುಂಡುಗಳಿಗೆ ಅಯಸ್ಕಾಂತ ಹಿಡಿದಾಗ ಅಂಟಿಕೊಂಡವು, ಅಂದರೆ ಹೊದಿಕೆಯಲ್ಲೋ ತಿರುಳಲ್ಲೋ ಉಕ್ಕು ಇದೆ; ಅವರ ಕ್ಲಬ್ಬಿನ ರೇಂಜಿನಲ್ಲಿ ಉಕ್ಕಿನ ಗುಂಡಿಗೆ ಅವಕಾಶವೇ ಇರಲಿಲ್ಲ. ಟಿಟಿ-33 ಅಲ್ಲಿಗೆ ಹಿಂದೆ ಸರಿಯಿತು. ಅದರ ಮೂಲ ವಿನ್ಯಾಸದಲ್ಲಿ ಪ್ರತ್ಯೇಕ ಸೇಫ್ಟಿ ಇಲ್ಲ, ಹ್ಯಾಮರಿನ ಅರ್ಧ ಹಂತವೇ ಸೇಫ್ಟಿ ಎಂಬುದೂ ಮೊದಲ ಸಲ ಕೊಳ್ಳುವವರ ಮಟ್ಟಿಗೆ ಒಂದು ಕೊರತೆ.

ಉಳಿದವೆರಡೂ 9×19. ಇಂದಿಗೂ ಎಲ್ಲೆಡೆ ತಯಾರಾಗುವ ತೋಟಾ, ಹೊಸ ಪ್ರೈಮರಿನಲ್ಲಿ ತುಕ್ಕಿನ ಕಾಟವಿಲ್ಲ. ಆದರೆ ‘9 ಮಿಲಿಮೀಟರ್’ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಇಟಲಿಯ 1910ರ ಗ್ಲಿಸೆಂಟಿ ಪಿಸ್ತೂಲಿನ ತೋಟಾ 9×19ರ ಅಳತೆಗೆ ಎಷ್ಟು ಹತ್ತಿರವೆಂದರೆ ಒಂದರ ಜಾಗಕ್ಕೆ ಇನ್ನೊಂದು ಹೋಗಿ ಕೂರುತ್ತದೆ. ಅದರ ಮದ್ದು ಮಾತ್ರ ತುಂಬ ಸೌಮ್ಯ. ಆ ಪಿಸ್ತೂಲಿಗೆ ಮಾಮೂಲಿ 9×19 ಹಾಕಿದರೆ ಅದು ತಡೆಯುವುದಿಲ್ಲ. ಸೋವಿಯತ್ ಮಕರೊವ್ ಪಿಸ್ತೂಲಿನ 9×18 ಗುಂಡಿನ ವ್ಯಾಸವೇ ಬೇರೆ, ಸುಮಾರು 9.27 ಮಿಮೀ. ಮೌಸರ್ ಸಿ96ರ 7.63 ತೋಟಾವೂ ಟೋಕರೆವಿನದೂ ನೋಡಲು ಅವಳಿಗಳಂತೆ ಇದ್ದರೂ ಟೋಕರೆವಿನದು ಹೆಚ್ಚು ಬಿರುಸು, ಹಳೆಯ ಸಿ96ಗೆ ಅದನ್ನು ಹಾಕಬಾರದು. ನಳಿಕೆಯ ಮೇಲಿನ ಗುರುತು, ತೋಟಾದ ತಳದ ಗುರುತು, ಪರವಾನಗಿಯಲ್ಲಿ ಬರೆದದ್ದು ಈ ಮೂರೂ ಒಂದೇ ಹೇಳುವವರೆಗೆ ಮುಂದುವರಿಯಬಾರದು.

ಚೆಂದದ ಪಿಸ್ತೂಲನ್ನು ಬಿಟ್ಟದ್ದು

ಬಿವೈಎಫ್ 44 ನೋಡಲು ಬಲು ಸೊಗಸು. ಮೂಲ ಬಣ್ಣ, ಒಂದೇ ಸಂಖ್ಯೆ, ಸ್ಪಷ್ಟ ಮುದ್ರೆಗಳು. ಖರೀದಿದಾರರು ಅದರತ್ತಲೇ ವಾಲಿದ್ದರು. ಪರೀಕ್ಷೆಗೆ ಕ್ಲಬ್ಬಿನ ಹಿರಿಯ ತರಬೇತುದಾರರೊಬ್ಬರು ಜೊತೆಗಿದ್ದರು. ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು, ಚೇಂಬರನ್ನು ಕಣ್ಣಿಂದಲೂ ಬೆರಳಿಂದಲೂ ನೋಡಿ ಖಾಲಿ ಎಂದು ಖಚಿತಪಡಿಸಿಕೊಂಡ ಮೇಲೆ ಪಿಸ್ತೂಲನ್ನು ಬಿಚ್ಚಿದರು. ನಳಿಕೆಯ ಅಡಿಯಲ್ಲಿ ಕೂರುವ ಲಾಕಿಂಗ್ ಬ್ಲಾಕನ್ನು ಹೊರತೆಗೆದು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದಾಗ ಒಂದು ಕಿವಿಯ ಬುಡದಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು.

ಪಿ38ರಲ್ಲಿ ಮೊದಲು ನೋಡಬೇಕಾದ ಭಾಗ ಇದು. ಗುಂಡು ಹಾರಿದಾಗ ನಳಿಕೆ ಮತ್ತು ಸ್ಲೈಡ್ ಒಟ್ಟಿಗೆ ಸ್ವಲ್ಪ ದೂರ ಹಿಂದೆ ಸರಿಯುತ್ತವೆ. ಅಷ್ಟು ಹೊತ್ತು ಅವೆರಡನ್ನೂ ಬಿಗಿಹಿಡಿಯುವುದು ಈ ಬ್ಲಾಕಿನ ಎರಡು ಕಿವಿಗಳು. ಒತ್ತಡ ಇಳಿದ ಮೇಲೆ ಬ್ಲಾಕ್ ಕೆಳಗೆ ಬೀಳುತ್ತದೆ, ಸ್ಲೈಡ್ ಬಿಡಿಸಿಕೊಂಡು ಹಿಂದೆ ಹೋಗುತ್ತದೆ. ಪ್ರತಿ ಗುಂಡಿನ ಹೊಡೆತವೂ ಕಿವಿಗಳ ಬುಡದ ಚೂಪು ಮೂಲೆಗೆ ಬೀಳುವುದರಿಂದ ಸೀಳು ಅಲ್ಲಿಂದಲೇ ಶುರು. ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗುಗಳು ಸೋತಿದ್ದರೆ, ಅಥವಾ ಬಿರುಸಿನ ತೋಟಾ ಹಾಕಿದರೆ, ಅದು ಇನ್ನೂ ಬೇಗ ಬರುತ್ತದೆ.

ಬ್ಲಾಕ್ ಬದಲಿಸಬಹುದು, ಇದೇ ವಿನ್ಯಾಸದ ಯುದ್ಧಾನಂತರದ ಪಿ1 ಪಿಸ್ತೂಲಿನ ಬ್ಲಾಕನ್ನು ಬಂದೂಕು ಮೆಕ್ಯಾನಿಕರ ಕೈಲಿ ಹೊಂದಿಸಿ ಪಿ38ಗೆ ಹಾಕುವುದು ಸಾಮಾನ್ಯ. ಆದರೆ ಅಷ್ಟು ದುಬಾರಿ ಬೆಲೆ ಕೇಳಿದ್ದೇ ಎಲ್ಲ ಭಾಗಗಳೂ ಮೂಲದವು ಎಂಬ ಕಾರಣಕ್ಕೆ. ಹೊಡೆಯಬೇಕಾದರೆ ಭಾಗ ಬದಲಿಸಬೇಕು, ಭಾಗ ಬದಲಿಸಿದರೆ ಕೊಟ್ಟ ಬೆಲೆಗೆ ಅರ್ಥವಿಲ್ಲ. ಈ ಸೀಳು ಇಲ್ಲದಿದ್ದರೂ ನಮ್ಮ ಸಲಹೆ ಅದೇ ಇರುತ್ತಿತ್ತು. ಸಂಖ್ಯೆ ಹೊಂದುವ, ಮೂಲ ಬಣ್ಣದ ಪಿಸ್ತೂಲು ಸಂಗ್ರಾಹಕರ ಸ್ವತ್ತು. ಅದರ ಒಂದು ಫೈರಿಂಗ್ ಪಿನ್ನೋ ಎಕ್ಸ್‌ಟ್ರಾಕ್ಟರೋ ರೇಂಜಿನಲ್ಲಿ ಮುರಿದರೆ ಅದನ್ನು ಯಾರೂ ಮತ್ತೆ ಮಾಡಿಕೊಡಲಾರರು, ಮುರಿಯುವ ಭಯದಲ್ಲಿ ಹೊಡೆಯುವ ಸಂತೋಷವೂ ಹೋಗುತ್ತದೆ. ಹೋಲ್‌ಸ್ಟರಿಗೂ ಬೆಲೆ ಸೇರಿಸಿದ್ದರು. ಚರ್ಮ ತೇವ ಹಿಡಿದಿಟ್ಟುಕೊಳ್ಳುವುದರಿಂದ ಅದರೊಳಗೆ ಪಿಸ್ತೂಲು ಇಟ್ಟರೆ ತುಕ್ಕು ಖಂಡಿತ.

ಸಿವೈಕ್ಯೂ ಪರೀಕ್ಷೆ

ಮೂರನೆಯದು ಮೊದಲ ನೋಟಕ್ಕೆ ಒರಟು. ಸ್ಲೈಡಿನ ಪಕ್ಕಗಳಲ್ಲಿ ಅರದ ಗೆರೆ, ಯಂತ್ರದ ಹಲ್ಲಿನ ಗುರುತು. ಸ್ಪ್ರೀವೆರ್ಕ್ 1942ರಿಂದ ಯುದ್ಧ ಮುಗಿಯುವವರೆಗೆ ಅವಸರದಲ್ಲಿ ತಯಾರಿಸಿತು. ಹೊರಮೈ ನಯಗೊಳಿಸಲು ಸಮಯ ಕೊಡಲಿಲ್ಲ, ಸ್ಲೈಡಿನ ಮೇಲೆ ವರ್ಷವನ್ನೂ ಒತ್ತಲಿಲ್ಲ. ಈ ಗೆರೆಗಳು ಸವೆತವಲ್ಲ, ಹುಟ್ಟಿನಿಂದ ಬಂದವು. ಹೊಸ ಖರೀದಿದಾರರು ಇದನ್ನು ಕಂಡು ಹಿಂಜರಿಯುತ್ತಾರೆ, ಅದರಿಂದಲೇ ಬೆಲೆಯೂ ಇಳಿದಿರುತ್ತದೆ.

ನಳಿಕೆಯೊಳಗೆ ಬಟ್ಟೆ ತುಂಡು ಹಾಯಿಸಿ ಎಣ್ಣೆ ತೆಗೆದ ಮೇಲೆ ಬೆಳಕಿಗೆ ಹಿಡಿದು ನೋಡಿದರು. ಎಣ್ಣೆ ತುಂಬಿದ ನಳಿಕೆ ಎಲ್ಲ ದೋಷ ಮುಚ್ಚುತ್ತದೆ, ಒಣಗಿಸಿಯೇ ನೋಡಬೇಕು. ಗುಂಡನ್ನು ತಿರುಗಿಸುವ ಆರು ಕೊರಕಲುಗಳ ಅಂಚೂ ಸ್ಪಷ್ಟ. ಚೇಂಬರಿನ ಮುಂದೆ ಒಂದಿಷ್ಟು ಸಣ್ಣ ಕುಳಿಗಳು, ಹಿಂದಿನ ತುಕ್ಕಿನ ನೆನಪು. ಇಂಥ ಕುಳಿಗಳಿಗೆ ಅಂಜಬೇಕಿಲ್ಲ. ಅಂಜಬೇಕಾದವು ಮೂರು. ಒಳಗೆ ಸುತ್ತಲೂ ಕಾಣುವ ಕಪ್ಪು ಉಂಗುರ, ಅಂದರೆ ಎಂದೋ ಒಳಗೆ ಸಿಕ್ಕಿಬಿದ್ದ ಗುಂಡಿನ ಹಿಂದೆ ಇನ್ನೊಂದು ಗುಂಡು ಹಾರಿ ನಳಿಕೆ ಉಬ್ಬಿದೆ ಎಂದರ್ಥ. ಚೇಂಬರಿನ ಗೋಡೆಯಲ್ಲೇ ಕುಳಿ ಇದ್ದರೆ ಖಾಲಿ ಕೇಸ್ ಕಚ್ಚಿಕೊಳ್ಳುತ್ತದೆ, ಹೊರಗೆ ಬರುವುದಿಲ್ಲ. ಮೂತಿಯ ಅಂಚು ಜಖಂ ಆಗಿದ್ದರೆ ಗುಂಡು ಹೊರಬೀಳುವ ಗಳಿಗೆಯಲ್ಲೇ ಓರೆಯಾಗುತ್ತದೆ. ಮೂರೂ ಇಲ್ಲಿರಲಿಲ್ಲ.

ಮಾರಾಟಗಾರರ ಒಪ್ಪಿಗೆ ಪಡೆದು ಮೆತ್ತನೆಯ ಶುದ್ಧ ಸೀಸದ ಗುಂಡೊಂದನ್ನು ಎಣ್ಣೆ ಹಚ್ಚಿದ ನಳಿಕೆಯಲ್ಲಿ ಮರದ ಕೋಲಿನಿಂದ ಮೆಲ್ಲನೆ ತಳ್ಳಿ ಹೊರತೆಗೆದರು. ಕೊರಕಲುಗಳ ಸಂಖ್ಯೆ ಸಮವಾದ್ದರಿಂದ ಎದುರುಬದುರು ಗೆರೆಗಳ ಮೇಲೆ ಮೈಕ್ರೋಮೀಟರ್ ನೇರವಾಗಿ ಕೂರುತ್ತದೆ. ಅಳತೆ 9.05 ಮಿಮೀ, ಮಾನಕ 9.02. ತಾಮ್ರದ ಹೊದಿಕೆಯ ಗುಂಡಿಗೆ ಈ ವ್ಯತ್ಯಾಸ ನಡೆಯುತ್ತದೆ.

ಆಮೇಲೆ ಸೇಫ್ಟಿಯ ಪರೀಕ್ಷೆ. ಕೋಣೆಯಲ್ಲಿ ಒಂದೂ ತೋಟಾ ಇಲ್ಲ ಎಂದು ಮತ್ತೊಮ್ಮೆ ನೋಡಿ, ಮೂತಿ ಮೇಲಕ್ಕೆ ಮಾಡಿ, ರಬ್ಬರಿನ ತುದಿ ಒಳಗಿರುವಂತೆ ಒಂದು ಪೆನ್ಸಿಲನ್ನು ನಳಿಕೆಗೆ ಇಳಿಬಿಟ್ಟರು. ಟ್ರಿಗರ್ ಎಳೆದಾಗ ಪೆನ್ಸಿಲ್ ಪುಟಿದು ಹೊರಬಂತು, ಅಂದರೆ ಫೈರಿಂಗ್ ಪಿನ್ ಬಲವಾಗಿ ಬಡಿಯುತ್ತಿದೆ. ಮತ್ತೆ ಹ್ಯಾಮರ್ ಏರಿಸಿ ಸೇಫ್ಟಿಯನ್ನು ಕೆಳಕ್ಕೆ ತಿರುಗಿಸಿದಾಗ ಹ್ಯಾಮರ್ ಬಿದ್ದರೂ ಪೆನ್ಸಿಲ್ ಅಲುಗಬಾರದು. ಹತ್ತು ಸಲ ಮಾಡಿದರು, ಅಲುಗಲಿಲ್ಲ. ಹಾಗಿದ್ದರೂ ಪಿ38ರಲ್ಲಿ ಚೇಂಬರಿನಲ್ಲಿ ತೋಟಾ ಇಟ್ಟುಕೊಂಡು ಈ ರೀತಿ ಹ್ಯಾಮರ್ ಇಳಿಸಲೇಬಾರದು. ಪಿನ್ನನ್ನು ತಡೆಯುವ ಉರುಳೆ ಎಂಟು ದಶಕ ಹಳೆಯದು. ಸವೆದರೋ ಸೀಳಿದರೋ ಹೊರಗಿನಿಂದ ಕಾಣುವುದಿಲ್ಲ. ರೇಂಜಿನಲ್ಲಿ ಇದರ ಅಗತ್ಯವೂ ಇಲ್ಲ: ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಮಾಡಿ, ಆಮೇಲೆ ಇಳಿಸಿದರಾಯಿತು.

ಹ್ಯಾಮರ್ ಏರಿಸಿ ಹೆಬ್ಬೆರಳಿನಿಂದ ಹಿಂದಿನಿಂದ ಒತ್ತಿದರು, ಜಾರಲಿಲ್ಲ. ಸ್ಲೈಡನ್ನು ಕೆಲವು ಮಿಲಿಮೀಟರ್ ಹಿಂದೆ ಹಿಡಿದು ಟ್ರಿಗರ್ ಎಳೆದರೆ ಹ್ಯಾಮರ್ ಬೀಳಬಾರದು, ಬೀಳಲಿಲ್ಲ. ಸ್ಲೈಡಿನ ಮೇಲಿನ ಸಣ್ಣ ತಗಡಿನ ಮುಚ್ಚಳವನ್ನು ಬೆರಳಿನಿಂದ ಎತ್ತಿ ನೋಡಿದರು. ಗೊತ್ತಿಲ್ಲದವರು ಅದನ್ನು ಸ್ಕ್ರೂಡ್ರೈವರಿನಿಂದ ಮೀಟಿ ಬಗ್ಗಿಸಿರುತ್ತಾರೆ. ಹೊಡೆಯುವಾಗ ಅದು ಹಾರಿ ಒಳಗಿನ ಚಿಕ್ಕ ಭಾಗಗಳೂ ಚೆಲ್ಲುತ್ತವೆ. ಕಣ್ಣಿಗೆ ಕನ್ನಡಕ ಏಕೆ ಬೇಕು ಎಂಬುದಕ್ಕೆ ಈ ಮುಚ್ಚಳವೊಂದೇ ಸಾಕು. ಇದು ಬಿಗಿಯಾಗಿತ್ತು. ಲಾಕಿಂಗ್ ಬ್ಲಾಕಿನಲ್ಲಿ ಸೀಳಿಲ್ಲ.

ಕುಂದು ಸಿಕ್ಕಿದ್ದು ಸ್ಪ್ರಿಂಗುಗಳಲ್ಲಿ. ಮೂತಿ ಮೇಲೆ ಮಾಡಿ ಸ್ಲೈಡನ್ನು ಕೈಯಿಂದ ನಿಧಾನಕ್ಕೆ ಮುಂದೆ ಬಿಟ್ಟಾಗ ಕೊನೆಯ ಮೂರ್ನಾಲ್ಕು ಮಿಲಿಮೀಟರ್ ಮುಚ್ಚದೆ ನಿಂತಿತು. ಫ್ರೇಮಿನ ಎರಡೂ ಪಕ್ಕ ಕೂರುವ ರಿಕಾಯಿಲ್ ಸ್ಪ್ರಿಂಗುಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಇನ್ನೊಂದಕ್ಕಿಂತ ಕಣ್ಣಿಗೆ ಕಾಣುವಷ್ಟು ಗಿಡ್ಡ. ಇದು ಚಿಕ್ಕ ಖರ್ಚಿನ ದೋಷ, ಬೆಲೆ ಚೌಕಾಸಿಗೆ ಒಳ್ಳೆಯ ಕಾರಣ.

ಕಾಗದದಲ್ಲಿ ಎರಡು ಸಂಖ್ಯೆ

ಸೋವಿಯತ್ ಶಸ್ತ್ರಾಗಾರದಲ್ಲಿ ಬೇರೆ ಬೇರೆ ಪಿಸ್ತೂಲುಗಳ ಭಾಗ ಸೇರಿಸಿ ಜೋಡಿಸುವಾಗ ಹೊಂದದ ಭಾಗದ ಮೇಲೆ ವಿದ್ಯುತ್ ಲೇಖನಿಯಿಂದ ಫ್ರೇಮಿನ ಸಂಖ್ಯೆಯನ್ನು ಕೆತ್ತುತ್ತಿದ್ದರು. ಈ ಪಿಸ್ತೂಲಿನ ಸ್ಲೈಡಿನ ಮೇಲೂ ಹಳೆಯದೊಂದು, ಕೆತ್ತಿದ್ದೊಂದು, ಹೀಗೆ ಎರಡು ಸಂಖ್ಯೆ. ಮಾರಾಟದ ಕರಡು ರಸೀದಿಯಲ್ಲಿ ಸ್ಲೈಡಿನ ಹಳೆಯ ಸಂಖ್ಯೆ ಬಿದ್ದಿತ್ತು. ಪರವಾನಗಿಗೆ ಏರುವ ಸಂಖ್ಯೆ ಕಾನೂನು ಯಾವ ಭಾಗವನ್ನು ಆಯುಧವೆಂದು ಎಣಿಸುತ್ತದೋ ಆ ಭಾಗದ್ದಿರಬೇಕು. ಹಣ ಕೊಡುವ ಮೊದಲು ಫ್ರೇಮಿನ ಸಂಖ್ಯೆಗೆ ತಿದ್ದಿಸಿ, ಸ್ಲೈಡಿನ ಎರಡನ್ನೂ ಟಿಪ್ಪಣಿಯಾಗಿ ಬರೆಸಿ, ಫೋಟೊ ತೆಗೆದಿಟ್ಟರು. ಆಮೇಲೆ ತಿದ್ದಿಸಲು ಹೋದರೆ ಮಾರಿದವರು, ಕೊಂಡವರು ಇಬ್ಬರೂ ಉತ್ತರ ಹೇಳಬೇಕಾಗುತ್ತದೆ.

ಉಳಿದ ಹಣದಲ್ಲಿ ಕೊಂಡದ್ದು: ರಿಕಾಯಿಲ್ ಸ್ಪ್ರಿಂಗು ಒಂದು ಜೋಡಿ (ಎರಡನ್ನೂ ಒಟ್ಟಿಗೇ ಬದಲಿಸಬೇಕು), ಮ್ಯಾಗಜೀನ್ ಸ್ಪ್ರಿಂಗು ಒಂದು, ಪಿ1ರ ಮ್ಯಾಗಜೀನ್ ಒಂದು, ಮುಂದಕ್ಕಿರಲಿ ಎಂದು ಲಾಕಿಂಗ್ ಬ್ಲಾಕ್ ಒಂದು, 7.45 ಗ್ರಾಂ ಪೂರ್ಣ ಹೊದಿಕೆಯ ಗುಂಡಿನ ತೋಟಾ 250. ಪ್ಲಸ್‌ಪಿ ಗುರುತಿನ ಹೆಚ್ಚು ಒತ್ತಡದವು, ಸಬ್‌ಮಷಿನ್ ಗನ್ನಿಗೆಂದು ಮಾಡಿದವು ಬೇಡವೇ ಬೇಡ. ತುದಿ ಟೊಳ್ಳಾದ ಗುಂಡೂ ಈ ಪಿಸ್ತೂಲಿಗಲ್ಲ. ದುಂಡು ಮೂತಿಯ ಗುಂಡಿಗೆಂದೇ ಅದರ ದಾರಿ ಕಡೆದಿದ್ದಾರೆ.

ಮೊದಲ ಐವತ್ತು ಗುಂಡು

ಮೊದಲು ಮ್ಯಾಗಜೀನಿಗೆ ಒಂದೊಂದೇ ತೋಟಾ ಹಾಕಿ ನಾಲ್ಕು. ಪ್ರತಿ ಖಾಲಿ ಕೇಸನ್ನೂ ಹೆಕ್ಕಿ ನೋಡಿದರು: ಪ್ರೈಮರಿನ ಏಟು ನಡುವಿನಲ್ಲಿದೆಯೇ, ತಳದ ಬಳಿ ಉಬ್ಬಿದೆಯೇ, ಉದ್ದಕ್ಕೆ ಸೀಳಿದೆಯೇ ಎಂದು. ಆಮೇಲೆ ಎರಡೆರಡರಂತೆ ಮೂರು ಸಲ. ಏರಿಸಿದ ಹ್ಯಾಮರನ್ನು ಹಿಡಿದಿಡುವ ಸಿಯರ್ ಸವೆದಿದ್ದರೆ ಒಂದೇ ಎಳೆತಕ್ಕೆ ಎರಡು ಗುಂಡು ಹಾರುತ್ತದೆ; ಮ್ಯಾಗಜೀನಿನಲ್ಲಿ ಎರಡೇ ಇದ್ದರೆ ಅಪಾಯವೂ ಅಲ್ಲಿಗೇ ನಿಲ್ಲುತ್ತದೆ. ನಂತರ ಐದೈದರಂತೆ ಎರಡು ಸಲ. ಇಪ್ಪತ್ತು ಗುಂಡಿನ ಮೇಲೆ ಪಿಸ್ತೂಲು ಬಿಚ್ಚಿ ಬ್ಲಾಕನ್ನು ಮತ್ತೆ ಭೂತಗನ್ನಡಿಯಲ್ಲಿ ನೋಡಿ, ಉಳಿದ ಮೂವತ್ತನ್ನು ಐದೈದರ ಆರು ಗುಂಪಾಗಿ ಗುರಿಗೆ ಹೊಡೆದರು. ಪಿ38 ಖಾಲಿ ಕೇಸನ್ನು ಎಡಕ್ಕೆ ಎಸೆಯುತ್ತದೆ, ಹಾಗಾಗಿ ರೇಂಜಿನ ಎಡ ತುದಿಯ ಸಾಲು ಆರಿಸಿಕೊಂಡಿದ್ದರು.

ಎರಡು ಸಲ ತೋಟಾದ ಮೂತಿ ಕೆಳಗೆ ಕುಸಿದು ಸಿಕ್ಕಿಕೊಂಡಿತು. ಎರಡೂ ಸಲ ಇದ್ದದ್ದು ಪಿಸ್ತೂಲಿನ ಜೊತೆ ಬಂದ ಹಳೆಯ ಮ್ಯಾಗಜೀನ್. ಪಿ1ರದ್ದರಲ್ಲಿ ಒಂದೂ ಇಲ್ಲ. ಮ್ಯಾಗಜೀನುಗಳಿಗೆ ಟೇಪ್ ಅಂಟಿಸಿ 1, 2 ಎಂದು ಬರೆದಿದ್ದರಿಂದ ಮಾತ್ರ ಇದು ಗೊತ್ತಾದದ್ದು. ಸ್ಪ್ರಿಂಗು ಬದಲಿಸಿದರೂ ಹಳೆಯದರ ತುಟಿಗಳು ಅಗಲಿಸಿದ್ದವು. ಹಳೆಯ ಪಿಸ್ತೂಲು ಕೈಕೊಟ್ಟಾಗ ಮೊದಲ ಅನುಮಾನ ಮ್ಯಾಗಜೀನಿನ ಮೇಲೇ ಇರಲಿ, ಆಮೇಲೆ ತೋಟಾ, ಕೊನೆಗೆ ಪಿಸ್ತೂಲು. ತುಟಿಗಳನ್ನು ಇಕ್ಕಳದಿಂದ ಒತ್ತಲು ಹೋಗಲಿಲ್ಲ. ಅದನ್ನು ಮೂಲ ಭಾಗವೆಂದು ಎತ್ತಿಟ್ಟರು.

ಗುಂಪು ಎಲ್ಲಿ ಬಿತ್ತು, ಏಕೆ

25 ಮೀಟರಿನಲ್ಲಿ, ಮರಳಚೀಲದ ಮೇಲೆ ಕೈಯಿಟ್ಟು ಹೊಡೆದ ಗುಂಪುಗಳು ಗುರಿಯಿಟ್ಟ ಬಿಂದುವಿನಿಂದ ಸರಾಸರಿ 9 ಸೆಂಮೀ ಕೆಳಗೆ, 3 ಸೆಂಮೀ ಎಡಕ್ಕೆ. 25 ಮೀಟರ್ ಪಿಸ್ತೂಲ್ ಗುರಿಯಲ್ಲಿ ಹತ್ತರ ವೃತ್ತ 5 ಸೆಂಮೀ ವ್ಯಾಸದ್ದು, ಒಂದೊಂದು ವೃತ್ತಕ್ಕೂ 5 ಸೆಂಮೀ ಹೆಚ್ಚು. ಅಂದರೆ ನಡುವಿಗೆ ಹಿಡಿದ ಗುಂಡು ಏಳರಲ್ಲಿ ಬೀಳುತ್ತಿತ್ತು. ಖರೀದಿದಾರರು ಅಂದೇ ಮುಂದಿನ ಸೈಟನ್ನು (ಗುರಿ ಹಿಡಿಯಲು ಮೂತಿಯ ಬಳಿ ಇರುವ ಕಡ್ಡಿ) ಅರದಿಂದ ಉಜ್ಜುವ ಯೋಚನೆಯಲ್ಲಿದ್ದರು.

ಹಳೆಯ ಪಿಸ್ತೂಲುಗಳು ಹೆಚ್ಚಾಗಿ ಹಾಳಾಗುವುದು ಇಲ್ಲೇ. ಬಲಗೈಯವರ ಗುಂಪು ಕೆಳಗೆ ಮತ್ತು ಎಡಕ್ಕೆ ಹೋದರೆ ಅದು ಸೈಟಿನ ತಪ್ಪೂ ಇರಬಹುದು, ಟ್ರಿಗರನ್ನು ಎಳೆಯುವ ಬದಲು ಕಸಿಯುವ ಕೈಯ ತಪ್ಪೂ ಇರಬಹುದು; ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಬೇರ್ಪಡಿಸಲು ತರಬೇತುದಾರರು ಅದೇ ಪಿಸ್ತೂಲು, ಅದೇ ತೋಟಾದಲ್ಲಿ ಎರಡನೇ ದಿನ ಹತ್ತು ಗುಂಡು ಹೊಡೆದರು. ಅವರ ಗುಂಪು 6 ಸೆಂಮೀ ಕೆಳಗೆ, ಎಡಕ್ಕೆ ಏನೂ ಇಲ್ಲ. ಬಳಿಕ ಮ್ಯಾಗಜೀನಿನಲ್ಲಿ ನಿಜ ತೋಟಾಗಳ ನಡುವೆ ಪ್ಲಾಸ್ಟಿಕ್ ಡಮ್ಮಿಗಳನ್ನು ಖರೀದಿದಾರರಿಗೆ ತಿಳಿಯದ ಹಾಗೆ ಸೇರಿಸಿ ಕೊಟ್ಟರು. ಡಮ್ಮಿ ಬಂದಾಗಲೆಲ್ಲ ಹೊಡೆತವಿಲ್ಲದೆಯೂ ಮೂತಿ ಎಡಕ್ಕೆ ಬಾಗಿ ಕುಸಿಯಿತು.

ಹೀಗೆ 9ರಲ್ಲಿ 6 ಸೆಂಮೀ ಮಾತ್ರ ಸೈಟಿನದು. ಲೆಕ್ಕ ಸರಳ: ತಪ್ಪಿದ ಅಂತರವನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ ಗುರಿಯ ದೂರದಿಂದ ಭಾಗಿಸಬೇಕು. ಪಿ38ರಲ್ಲಿ ಸೈಟುಗಳ ನಡುವೆ ಸುಮಾರು 180 ಮಿಮೀ. 60×180÷25,000 = 0.43 ಮಿಮೀ. ಗುಂಡು ಯಾವ ಕಡೆ ತಪ್ಪುತ್ತದೋ ಆ ಕಡೆಗೇ ಮುಂದಿನ ಸೈಟ್ ಸರಿಯಬೇಕು. ಕೆಳಗೆ ತಪ್ಪುತ್ತಿದ್ದರೆ ಗಿಡ್ಡ ಸೈಟ್. ಪಿ38ರ ಮುಂದಿನ ಸೈಟ್ ನಳಿಕೆಯ ಮೇಲೆ ಅಡ್ಡಕ್ಕೆ ಕಡೆದ ಕಚ್ಚಿನಲ್ಲಿ ಕೂರುತ್ತದೆ, ಬೇರೆ ಬೇರೆ ಎತ್ತರಗಳಲ್ಲಿ ಸಿಗುತ್ತದೆ. 0.4 ಮಿಮೀ ಗಿಡ್ಡದ್ದನ್ನು ಹಾಕಿಸಿದರು, ಮೂಲದ್ದನ್ನು ಪೊಟ್ಟಣ ಕಟ್ಟಿ ಸಂಖ್ಯೆ ಬರೆದಿಟ್ಟರು. ಪಕ್ಕಕ್ಕೆ ತಟ್ಟಲೇ ಇಲ್ಲ. ಮೊದಲ ದಿನದ ಕಾಗದ ನಂಬಿ 0.65 ಮಿಮೀ ಉಜ್ಜಿ, ಎಡಕ್ಕೂ ತಟ್ಟಿದ್ದರೆ, ಕೈ ತಿದ್ದಿಕೊಂಡ ದಿನ ಗುಂಡು ಮೇಲೆ ಬಲಕ್ಕೆ ಬೀಳುತ್ತಿತ್ತು, ಉಜ್ಜಿದ ಲೋಹ ಮರಳುತ್ತಿರಲಿಲ್ಲ.

ಹೊಸ ಸೈಟಿನಲ್ಲಿ ತರಬೇತುದಾರರ ಗುಂಪು ನಡುವಿನಿಂದ ಅರ್ಧ ಸೆಂಟಿಮೀಟರಿನಷ್ಟೇ ಕೆಳಗೆ ಬಂತು. ಖರೀದಿದಾರರು ಡಮ್ಮಿ ಅಭ್ಯಾಸ ಮುಂದುವರಿಸಿದ್ದಾರೆ. 250 ತೋಟಾ ಮುಗಿಯುವ ಹೊತ್ತಿಗೆ ಅವರ ಐದು ಗುಂಡಿನ ಗುಂಪು ಆಸರೆಯ ಮೇಲೆ 10 ಸೆಂಮೀ ಒಳಗೆ ನಿಂತಿದೆ, ಈ ವಯಸ್ಸಿನ ಸೇನಾ ಪಿಸ್ತೂಲಿನಿಂದ ಅದು ಒಳ್ಳೆಯ ಫಲ. ಬರೇ ಹೊಡೆಯುವ ಸುಖವೇ ಸಾಕು, ಯುದ್ಧಕಾಲದ್ದೇ ಆಗಬೇಕೆಂದಿಲ್ಲ ಎನ್ನುವವರಿಗೆ ನಾವು ಪಿ1 ಹೇಳುತ್ತೇವೆ. ಪಶ್ಚಿಮ ಜರ್ಮನಿಯ ಸೇನೆ ಇದೇ ವಿನ್ಯಾಸವನ್ನು 1957ರಲ್ಲಿ ಮತ್ತೆ ತಂದು 1963ರಿಂದ ಪಿ1 ಎಂದು ಕರೆಯಿತು. ಫ್ರೇಮ್ ಅಲ್ಯೂಮಿನಿಯಂ, ಉಕ್ಕು ಉತ್ತಮ, ಬಿಡಿಭಾಗ ಸುಲಭ. ಅಲ್ಯೂಮಿನಿಯಂ ಫ್ರೇಮಿಗೆ ಅಡ್ಡಲಾಗಿ ಷಟ್ಕೋನದ ಉಕ್ಕಿನ ಪಿನ್ ಇರುವ, ನಂತರದ ತಯಾರಿಕೆಯದನ್ನು ಆರಿಸಬೇಕು.

ಈ ಸಿವೈಕ್ಯೂಗೆ ಗೊತ್ತುಮಾಡಿದ ನಿಯಮ ಇಷ್ಟು: ಪ್ರತಿ ಸಲ ಶುಚಿ ಮಾಡುವಾಗ ಲಾಕಿಂಗ್ ಬ್ಲಾಕಿನ ಎರಡೂ ಕಿವಿಗಳ ಬುಡವನ್ನು ಭೂತಗನ್ನಡಿಯಲ್ಲಿ ನೋಡುವುದು, ಬ್ಲಾಕಿಗೂ ಸ್ಲೈಡಿನ ಹಳಿಗಳಿಗೂ ತೆಳ್ಳಗೆ ಗ್ರೀಸ್, ಹೊಡೆದ ಗುಂಡಿನ ಲೆಕ್ಕ ಒಂದು ಪುಸ್ತಕದಲ್ಲಿ, ಸಾವಿರಕ್ಕೊಮ್ಮೆ ರಿಕಾಯಿಲ್ ಸ್ಪ್ರಿಂಗುಗಳ ಜೋಡಿ ಬದಲು. ಕಿವಿಯ ಬುಡದಲ್ಲಿ ಗೆರೆ ಕಂಡರೆ ಎತ್ತಿಟ್ಟಿರುವ ಬ್ಲಾಕ್ ಮೆಕ್ಯಾನಿಕರ ಬಳಿ ಹೋಗುತ್ತದೆ, ಅಲ್ಲಿಯವರೆಗೆ ಆ ಪಿಸ್ತೂಲಿನಿಂದ ಒಂದು ಗುಂಡೂ ಹಾರುವುದಿಲ್ಲ.